ಚೆರುವತ್ತೂರಿಗೆ ಅಜ್ಜಿಯೂ ಬಂದದ್ದು

ನಮ್ಮ ಅಜ್ಜಿ ಕಿವಿರು ಎತ್ತಿ ನೋಡದೆ ಒಂದೇ ಒಂದು ಬಂಗುಡೆಯನ್ನೂ ಮನೆಯೊಳಗೆ ಬಿಟ್ಟವರಲ್ಲ. ಬೆಳಿಗ್ಗೆ ಮೀನಿನ ಹೆಂಗಸು ಬುಟ್ಟಿ ಇಳಿಸಿದ ಕೂಡಲೇ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ಕಿವಿರಿನ ಕೆಂಪು ನೋಡಿ, ಹೊಟ್ಟೆ ಒತ್ತಿ, ಕೊನೆಗೆ ಮೂಗಿನ ಹತ್ತಿರ ಹಿಡಿದು "ಇದು ನಿನ್ನೆಯದು" ಎನ್ನುತ್ತಿದ್ದರು. ಆ ಹೆಂಗಸು ದೇವರ ಮೇಲೆ, ಹೆತ್ತ ಮಕ್ಕಳ ಮೇಲೆ ಆಣೆ ಹಾಕಿದ ಮೇಲೂ ಅಜ್ಜಿಯ ಮುಖ ಸಡಿಲವಾಗುತ್ತಿರಲಿಲ್ಲ. ಹಾಲಿಗೆ ಬೆರಳು ಅದ್ದಿ ಉಗುರಿನ ಮೇಲೆ ಹನಿ ನಿಲ್ಲುತ್ತದಾ ಎಂದು ನೋಡುತ್ತಿದ್ದರು. ಗ್ಯಾಸಿನವನು ತಂದ ಸಿಲಿಂಡರನ್ನು ಅಲುಗಾಡಿಸಿ ನೋಡುತ್ತಿದ್ದರು. ಬಿಜೈಯ ಓಣಿಯೊಂದರ ಕೊನೆಯಲ್ಲಿ, ಎರಡು ಕಡೆಯಿಂದಲೂ ಫ್ಲ್ಯಾಟುಗಳು ಎದ್ದು ನಿಂತ ನಡುವೆ, ನಮ್ಮದು ಹಂಚಿನ ಮನೆ. ಎದುರಿಗೆ ಚಾವಡಿ, ನಡುವೆ ಅಮ್ಮನ ಮತ್ತು ನನ್ನ ಕೋಣೆ, ಹಿಂದೆ ಅಡುಗೆಮನೆ, ಅದರಾಚೆ ಬಾವಿ. ಗೋಡೆಗೆ ತಾಗಿಸಿ ಶೀಟು ಹಾಕಿದ ಸಣ್ಣ ಕೋಣೆಯಲ್ಲಿ ಗಣೇಶ ಚಿಕ್ಕಪ್ಪ ಮಲಗುತ್ತಿದ್ದರು. ಅಜ್ಜಿಯ ಮಂಚ ಚಾವಡಿಯಲ್ಲಿತ್ತು. ಅಲ್ಲಿ ಕೂತರೆ ಗೇಟು ಕಾಣುತ್ತಿತ್ತು, ನಮ್ಮ ಕೋಣೆಯ ಬಾಗಿಲು ಕಾಣುತ್ತಿತ್ತು, ಸ್ವಲ್ಪ ಬಗ್ಗಿದರೆ ಅಡುಗೆಮನೆಯ ಒಲೆಯೂ ಕಾಣುತ್ತಿತ್ತು. ಆ ಮಂಚಕ್ಕೆ ಗೊತ್ತಾಗದೆ ಆ ಮನೆಯಲ್ಲಿ ಒಂದು ಬೆಕ್ಕು ಕೂಡ ಒಳಗೆ ಬಂದದ್ದಿಲ್ಲ.

ಅಮ್ಮ ಇದರಲ್ಲಿ ಅಜ್ಜಿಗಿಂತ ಕಡಿಮೆಯವರೇನಲ್ಲ. ಹಂಪನಕಟ್ಟೆಯ ಸೀರೆ ಅಂಗಡಿಯೊಂದರಲ್ಲಿ ಅವರಿಗೆ ಕೆಲಸ. ಸೆರಗಿನ ಮೂಲೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ಎಷ್ಟು ರೇಷ್ಮೆ, ಎಷ್ಟು ಮೋಸ ಎಂದು ಹೇಳಬಲ್ಲವರು. ಗಿರಾಕಿ ಬಾಗಿಲು ದಾಟುವಾಗಲೇ ಇವರು ತೆಗೆದುಕೊಳ್ಳುವವರೋ, ಹತ್ತು ಸೀರೆ ಬಿಡಿಸಿಸಿ "ಮತ್ತೆ ಬರ್ತೇವೆ" ಎನ್ನುವವರೋ ಎಂದು ಅವರಿಗೆ ಗೊತ್ತಾಗುತ್ತಿತ್ತು. ಸಂಜೆ ಮನೆಗೆ ಬಂದಾಗ ಅಜ್ಜಿ ಮಂಚದಿಂದಲೇ "ಬಸ್ಸು ಸಿಗಲಿಲ್ಲವಾ?" ಎಂದು ಕೇಳುತ್ತಿದ್ದರು. ಅಮ್ಮ ಉತ್ತರ ಕೊಡದೆ ಬಸ್ಸಿನ ಟಿಕೆಟನ್ನು ಟಿ.ವಿ.ಯ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೂ ಆ ಚೀಟಿಯನ್ನು ಎತ್ತಿ, ತಿರುಗಿಸಿ ನೋಡಿ, ಅಲ್ಲಿಯೇ ಇಡುತ್ತಿದ್ದರು. ನನಗೆ ಇದು ಜಗಳ ಎಂದು ಅನಿಸಿದ್ದೇ ಇಲ್ಲ. ಎಲ್ಲರ ಮನೆಯಲ್ಲೂ ಹೀಗೆಯೇ ಇರುತ್ತದೆ ಎಂದುಕೊಂಡಿದ್ದೆ. ಮುಂದೆ ಹಾಸ್ಟೆಲಿಗೆ ಸೇರಿದಾಗ, ತಡವಾಗಿ ಬಂದ ನನ್ನನ್ನು ರೂಮಿನವಳು ಎಲ್ಲಿಗೆ ಹೋಗಿದ್ದೆ ಎಂದು ಕೇಳಲೇ ಇಲ್ಲ. ನಾನು ಯಾರಿಗೂ ಬೇಡವಾದೆ ಎಂದು ಅಂದು ಅತ್ತುಬಿಟ್ಟೆ.

ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಬರೆಯುವಾಗ ಎಲ್ಲವನ್ನೂ ಕನ್ನಡ ಮಾಡಿದ್ದೇನೆ. ಅಜ್ಜಿಯ ಬೈಗುಳ ಮಾತ್ರ ಕನ್ನಡಕ್ಕೆ ಬರುವಾಗ ಅರ್ಧ ಖಾರ ಕಳೆದುಕೊಳ್ಳುತ್ತದೆ.

ಪಪ್ಪ ಸೌದಿಯ ಹೊಫುಫ್ ಎಂಬ ಊರಿನಲ್ಲಿ ಒಂದು ಗೋದಾಮಿನ ಸ್ಟೋರ್ ಕೀಪರ್. ಶುಕ್ರವಾರ ಅವರಿಗೆ ರಜೆ. ಮಧ್ಯಾಹ್ನದ ಊಟ ಮುಗಿಸಿ ನಾವು ಚಾವಡಿಯಲ್ಲಿ ಕಾಯುತ್ತಿದ್ದೆವು. ಅಮ್ಮನಿಗೆ ಶುಕ್ರವಾರ ರಜೆ ಇಲ್ಲ. ಅಂಗಡಿಯ ಹಿಂದಿನ ಮೆಟ್ಟಿಲಿನಲ್ಲಿ ನಿಂತು ಬೇರೆಯಾಗಿ ಮಾತಾಡಿ ಬರುತ್ತಿದ್ದರು. ಫೋನಿನಲ್ಲಿ ಪಪ್ಪನ ಮುಖ ಬಂದ ಕೂಡಲೇ ಅಜ್ಜಿ ಮೂಗು ತಾಗುವಷ್ಟು ಹತ್ತಿರ ಹೋಗುತ್ತಿದ್ದರು. ಕೆನ್ನೆ ಇಳಿದಿದೆ, ಕಣ್ಣ ಕೆಳಗೆ ಕಪ್ಪಾಗಿದೆ, ಕ್ಷೌರ ಯಾಕೆ ಮಾಡಲಿಲ್ಲ ಎಂದು ಒಂದೊಂದೇ ಹೇಳುತ್ತಿದ್ದರು. ಪಪ್ಪ ನಗುತ್ತಿದ್ದರು. ಆ ವರ್ಷ ದೀಪಾವಳಿ ಕಳೆದ ಮೇಲೆ ಮುಖ ಬರುವುದು ನಿಂತಿತು. ಕ್ಯಾಮರಾ ಹಾಳಾಗಿದೆ ಎಂದರು. ಮತ್ತೊಂದು ವಾರ ನೆಟ್ ಸಿಗುವುದಿಲ್ಲ ಎಂದರು. ಪಂಪ್‌ವೆಲ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಚಿಕ್ಕಪ್ಪ, "ಹಾಳಾದರೆ ಹೊಸ ಕ್ಯಾಮರಾ ಹಾಕಿಸ್ಲಿಕ್ಕೆ ಎಂತ ಕಷ್ಟ? ಅಲ್ಲಿ ಗಲ್ಲಿಗೊಂದು ಅಂಗಡಿ ಉಂಟು" ಎಂದು ಬಾಯಿ ತಪ್ಪಿ ಹೇಳಿಬಿಟ್ಟರು. ಅಂದಿನಿಂದ ನಮ್ಮ ಮನೆಯ ಅನುಮಾನಕ್ಕೆ ಒಂದು ದಿಕ್ಕು ಸಿಕ್ಕಿತು. ಫೋಟೋ ಕಳಿಸಿ ಎಂದು ಅಮ್ಮ ಮೆಸೇಜು ಹಾಕಿದರು. ಬಂದ ಫೋಟೋದಲ್ಲಿ ಪಪ್ಪ ನೀಲಿ ಚೌಕಳಿ ಅಂಗಿ ಹಾಕಿದ್ದರು. ಆ ಅಂಗಿಯನ್ನು ಹಿಂದಿನ ಸಲ ಊರಿಗೆ ಬಂದಾಗ ಇಲ್ಲಿಯೇ ಬಿಟ್ಟು ಹೋಗಿದ್ದರು. ಅದು ನಮ್ಮ ಕಪಾಟಿನಲ್ಲಿತ್ತು. ಅಮ್ಮ ಕಪಾಟು ತೆರೆದು ಆ ಅಂಗಿಯನ್ನು ಹೊರಗೆ ತೆಗೆದು ನೋಡಿ, ಮಡಚಿ, ಮತ್ತೆ ಒಳಗೆ ಇಟ್ಟದ್ದನ್ನು ನಾನು ನೋಡಿದೆ. 

ಇದೇ ಸಮಯದಲ್ಲಿ ಶಾಲೆಯಲ್ಲಿ ಗ್ರಹಣದ ಮಾತು ಶುರುವಾಯಿತು. ನಾನು ಎಂಟನೇ ಕ್ಲಾಸು. ಕ್ರಿಸ್ಮಸ್ಸಿನ ಮರುದಿನ ಬೆಳಿಗ್ಗೆ ಸೂರ್ಯ ಬಳೆಯ ಹಾಗೆ ಕಾಣುತ್ತದೆ, ಕಾಸರಗೋಡಿನಾಚೆಯ ಚೆರುವತ್ತೂರಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ, ಬೇರೆ ಬೇರೆ ದೇಶಗಳಿಂದ ಜನ ಅಲ್ಲಿಗೆ ಬರುತ್ತಾರೆ ಎಂದು ವಿಜ್ಞಾನದ ಟೀಚರ್ ಹೇಳಿದರು. ರಟ್ಟಿನ ಕನ್ನಡಕ ಕೊಟ್ಟರು. ಮನೆಗೆ ಬಂದು, "ನಾವೂ ಹೋಗುವ" ಎಂದು ಕೇಳಿದೆ. ಅಜ್ಜಿ ಕಿವಿ ಮುಚ್ಚಿಕೊಂಡರು. ಗ್ರಹಣದ ದಿನ ಅವರು ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ನೀರಿಗೆ, ಉಪ್ಪಿನಕಾಯಿಗೆ, ಹಾಲಿಗೆ ದರ್ಭೆ ಹಾಕಿ, ಒಂದು ಹನಿ ನೀರೂ ಕುಡಿಯದೆ ಮೂಲೆಯಲ್ಲಿ ಕೂರುವವರು. ಅಮ್ಮ ಪಾತ್ರೆ ತೊಳೆಯುತ್ತಾ, "ಆಕಾಶದಲ್ಲಿ ನೋಡ್ಲಿಕ್ಕೆ ಎಂತ ಉಂಟು? ಸುಮ್ಮನೆ ಪಾಠ ಓದು" ಎಂದರು. ಅಲ್ಲಿಗೆ ಆ ವಿಷಯ ಮುಗಿಯಿತು ಎಂದುಕೊಂಡೆ.

ಕ್ರಿಸ್ಮಸ್ಸಿಗೆ ಕೆಲವು ದಿನ ಇರುವಾಗ ಊರಿನಲ್ಲಿ ಗಲಾಟೆಯಾಗಿ ಕರ್ಫ್ಯೂ ಬಂತು. ಮೊಬೈಲಿನ ಇಂಟರ್ನೆಟ್ ನಿಂತಿತು. ಎಲ್ಲರೂ ಮನೆಯಲ್ಲೇ. ಮಧ್ಯಾಹ್ನ ಪಪ್ಪನಿಂದ ಮಾಮೂಲಿ ಫೋನು ಬಂತು, ದುಬಾರಿಯದ್ದು. ನೆಟ್ ಇಲ್ಲವಾದ್ದರಿಂದ ಧ್ವನಿ ಗುಂಗುಟ್ಟದೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದೇ ಕಾರಣಕ್ಕೆ ಅದು ಸರಿಯಿಲ್ಲ ಎಂದೂ ಗೊತ್ತಾಯಿತು. ನನ್ನನ್ನು ಅವರು ಕರೆಯುವುದು ಪುಟ್ಟಿ ಎಂದು. ಅಂದು ಅದು ಗಾಳಿ ತುಂಬಿಕೊಂಡು "ಫುಟ್ಟಿ" ಎಂದು ಬಂತು. ಮಾತು ಬಾಯಿಯ ಒಂದು ಬದಿಯಿಂದ ಜಾರಿ ಬೀಳುತ್ತಿರುವ ಹಾಗಿತ್ತು. ಫೋನು ಇಟ್ಟದ್ದೇ ಅಮ್ಮ ಚಾವಡಿಯ ನಡುವೆ ಬಂದು ನಿಂತರು.

"ಕುಡಿದಿದ್ದಾರೆ," ಅಮ್ಮ ಹೇಳಿದರು.

"ಸೌದಿಯಲ್ಲಿ ಕುಡೀಲಿಕ್ಕೆ ಎಲ್ಲಿ ಸಿಗ್ತದೆ ಅತ್ತಿಗೆ?" ಚಿಕ್ಕಪ್ಪ ಕೇಳಿದರು.

"ಬೇಕಾದವರಿಗೆ ಎಲ್ಲ ಕಡೆ ಸಿಗ್ತದೆ. ತಂದು ಕೊಡುವವರೂ ಸಿಗ್ತಾರೆ."

ಅಜ್ಜಿ ಮಂಚದಿಂದ ಕಾಲು ಇಳಿಸಿದರು.

"ನನ್ನ ಮಗ ಹಾಗೆಲ್ಲ ಕುಡಿಯುವವನಲ್ಲ. ನೀನು ಅಂಗಡಿಯ ಮೆಟ್ಟಿಲಲ್ಲಿ ನಿಂತು ಅವನಿಗೆ ಎಂತ ಹೇಳ್ತಿ ಅಂತ ಯಾರಿಗೆ ಗೊತ್ತು? ಇಲ್ಲಿ ಬಂದು ಎಲ್ಲರ ಎದುರು ಮಾತಾಡ್ಲಿಕ್ಕೆ ನಿನಗೆ ಎಂತ ಆಗಿದೆ?"

"ಮಾಮಿ, ನನಗೆ ಗಂಡನ ಹತ್ತಿರ ಮಾತಾಡ್ಲಿಕ್ಕೂ ನಿಮ್ಮ ಅಪ್ಪಣೆ ಬೇಕಾ?"

ಮುಂದಿನದ್ದನ್ನು ಬರೆಯುವುದು ಬೇಡ. ಕರ್ಫ್ಯೂವಿನ ದಿನ ಹೊರಗೆ ಹೋಗಲೂ ಆಗುವುದಿಲ್ಲ. ಚಿಕ್ಕಪ್ಪ ಬಾವಿಕಟ್ಟೆಗೆ ಹೋಗಿ ಕೂತರು. ನಾನು ಪುಸ್ತಕ ತೆರೆದು ಕೂತೆ. ಅಮ್ಮ ಸಂಜೆ ಅನ್ನಕ್ಕೆ ಇಡುವಾಗ ಅಕ್ಕಿ ತೊಳೆಯುತ್ತಲೇ ಇದ್ದರು, ನೀರು ತಿಳಿಯಾದ ಮೇಲೂ.

ಕರ್ಫ್ಯೂ ತೆಗೆದ ಮರುದಿನ ಅಂಗಡಿಯಿಂದ ಬಂದವರೇ, ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕರೆದು, "ದೀಕ್ಷಾ, ಗ್ರಹಣ ನೋಡ್ಲಿಕ್ಕೆ ಹೋಗುವ. ಚೆರುವತ್ತೂರಿಗೇ ಹೋಗುವ" ಎಂದರು. ನಾನು ಕುಣಿಯಬೇಕಿತ್ತು. ಕುಣಿಯಲಿಲ್ಲ. ಆ ಮನೆಯಲ್ಲಿ ಬೆಳೆದವಳು ನಾನು. ಆಕಾಶದಲ್ಲಿ ಎಂತ ಉಂಟು ಎಂದವರಿಗೆ ನಾಲ್ಕು ದಿನದಲ್ಲಿ ಆಕಾಶದ ಮೇಲೆ ಪ್ರೀತಿ ಹುಟ್ಟುವುದು ಹೇಗೆ ಎಂದು ನನ್ನ ಮನಸ್ಸಿನಲ್ಲಿ ಓಡಿತು. ಚಿಕ್ಕಪ್ಪನಿಗೂ ಅದೇ ಓಡಿರಬೇಕು.

"ಅತ್ತಿಗೆ, ಬಳೆ ಇಲ್ಲಿಯೂ ಕಾಣ್ತದೆ. ಪಣಂಬೂರು ಬೀಚಿಗೆ ಹೋದರೆ ಸಾಕು. ಪೇಪರಲ್ಲಿ ಬಂದಿದೆ."

"ಅಲ್ಲಿ ಹೆಚ್ಚು ಹೊತ್ತು ಕಾಣ್ತದಂತೆ. ಮಗುವಿನ ಟೀಚರೇ ಹೇಳಿದ್ದು."

"ಒಂದು ನಿಮಿಷ ಹೆಚ್ಚು ಕಾಣಬಹುದು ಮಾರಾಯ್ತಿ! ಅದಕ್ಕೆ ಆ ಜನಜಂಗುಳಿಯಲ್ಲಿ ರೈಲು ಹತ್ತಿ ಹೋಗುವುದಾ?"

"ಮಗು ಅಷ್ಟು ಆಸೆಪಟ್ಟಿದೆ."

ಅಮ್ಮ ನನ್ನ ಹೆಗಲ ಮೇಲೆ ಕೈ ಇಟ್ಟರು. ಸೀರೆಯ ಮಡಿಕೆ ಒತ್ತುವ ಹಾಗೆ ಆ ಕೈ ಒತ್ತುತ್ತಿತ್ತು. ಹೌದು ಎಂದೆ. ಅಜ್ಜಿ ಅಂದು ಏನೂ ಹೇಳಲಿಲ್ಲ. ಅವರು ಏನೂ ಹೇಳದ ದಿನಗಳೇ ನಮಗೆ ಹೆಚ್ಚು ಭಯ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಸಿದ್ಧತೆಯೂ ಪತ್ತೇದಾರಿಯೂ ಒಟ್ಟೊಟ್ಟಿಗೆ ನಡೆದವು. ಅಮ್ಮ ರೈಲಿನ ಸಮಯ ವಿಚಾರಿಸಿದರು. ಗ್ರಹಣಕ್ಕೆ ಹೋಗುವವರಿಂದಾಗಿ ಬೆಳಗಿನ ರೈಲಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ ಎಂದು ಯಾರೋ ಹೇಳಿದರು. ಬಸ್ಸು ವಿಚಾರಿಸಿದರೆ ಕಾಸರಗೋಡಿನಲ್ಲಿ ಬದಲಿಸಬೇಕು, ರಸ್ತೆ ತುಂಬ ವಾಹನ. ಕೊನೆಗೆ ರೈಲೇ ಆಯಿತು. ನಾನು ಕೋಣೆಗೆ ಹೋದಾಗಲೆಲ್ಲ ಅಮ್ಮ ಫೋನು ಕೆಳಗಿಡುತ್ತಿದ್ದರು. ಒಮ್ಮೆ "ಜನ ಇದ್ದರೆ ಒಳ್ಳೆಯದೇ ಅಲ್ವಾ, ಯಾರೂ ನೋಡುವುದಿಲ್ಲ" ಎಂದು ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು. ನಾನು ಬಾಗಿಲಿನಿಂದಲೇ ಹಿಂದೆ ಸರಿದೆ. ಮರುದಿನ ಅಮ್ಮನ ಚೀಲದಲ್ಲಿ, ಕೋಳಿ ಸಾರಿಗೆ ಮುರಿದು ಹಾಕುವ ಕೋರಿ ರೊಟ್ಟಿಯ ಎರಡು ಪ್ಯಾಕೆಟು, ಮಾವಿನಮಿಡಿ ಉಪ್ಪಿನಕಾಯಿಯ ಬಾಟಲಿ, ಅಂಗಡಿಯ ಕವರಿನಲ್ಲಿ ಒಂದು ಹೊಸ ಸೀರೆ ಕಂಡೆ. ಗ್ರಹಣ ನೋಡಲು ಹೋಗುವವರು ಕೋರಿ ರೊಟ್ಟಿ ಯಾಕೆ ಕಟ್ಟಿಕೊಳ್ಳುತ್ತಾರೆ? ಚೀಲದ ಜಿಪ್ ಹಾಕಿ ತಿರುಗಿದರೆ ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ನಾನು ನೋಡಿದ್ದನ್ನು ಅವರು ನನಗಿಂತ ಮೊದಲೇ ನೋಡಿಯಾಗಿತ್ತು ಎಂದು ಅವರ ಮುಖ ಹೇಳುತ್ತಿತ್ತು.

ಅಂದು ಊಟಕ್ಕೆ ಕೂತಾಗ, ಅಮ್ಮ ಸಾರು ಬಡಿಸುವಾಗ, ಅಜ್ಜಿ ತಟ್ಟೆಯಿಂದ ತಲೆ ಎತ್ತದೆ ಹೇಳಿದರು:

"ನಾನೂ ಬರ್ತೇನೆ."

ಸೌಟು ಪಾತ್ರೆಯ ಅಂಚಿಗೆ ತಾಗಿದ್ದು ಕೇಳಿಸಿತು.

"ಎಲ್ಲಿಗೆ ಮಾಮಿ?"

"ನೀವು ಹೋಗುವಲ್ಲಿಗೆ."

"ಅಮ್ಮ, ಅವತ್ತು ಗ್ರಹಣ," ಚಿಕ್ಕಪ್ಪ ನಗು ತಡೆಯಲಾರದೆ ಹೇಳಿದರು. "ನೀವು ಅವತ್ತು ಕಿಟಕಿ ಕೂಡ ತೆಗೆಯುವವರಲ್ಲ."

"ಗ್ರಹಣ ನನಗೂ ಗೊತ್ತುಂಟು. ಸೊಸೆ ಹೋಗಬಹುದಾದರೆ, ಬೆಳೆಯುವ ಮಗು ಹೋಗಬಹುದಾದರೆ, ನನಗೆ ಎಂತ ಆಗ್ಲಿಕ್ಕುಂಟು? ಸಾಯುವ ಕಾಲಕ್ಕೆ."

ಅಮ್ಮ ಬೇಡ ಎನ್ನುವ ಹಾಗಿರಲಿಲ್ಲ. ಬೇಡ ಎಂದರೆ ಯಾಕೆ ಬೇಡ ಎಂಬ ಪ್ರಶ್ನೆ ಬರುತ್ತಿತ್ತು. ಅಜ್ಜಿಗೆ ಅದು ಗೊತ್ತಿತ್ತು.

ಗ್ರಹಣದ ದಿನ ಕತ್ತಲೆ ಹರಿಯುವ ಮೊದಲೇ ಸ್ನಾನ ಮಾಡಿ ಹೊರಟೆವು. ಅಜ್ಜಿ ಹಿಂದಿನ ಸಂಜೆಯಿಂದಲೇ ಏನೂ ತಿಂದಿರಲಿಲ್ಲ. ಸೆರಗಿನ ತುದಿಗೆ ದರ್ಭೆಯನ್ನೂ ತುಳಸಿಯನ್ನೂ ಗಂಟು ಹಾಕಿಕೊಂಡಿದ್ದರು. ಕರೆದೊಯ್ಯಲು ಬಂದ ರಿಕ್ಷಾದವನು, "ಗ್ರಹಣಕ್ಕಾ ಅಜ್ಜಿ?" ಎಂದಾಗ, "ನಿನಗೆ ಯಾಕೆ? ನೇರ ನೋಡಿ ಬಿಡು" ಎಂದರು. ರೈಲಿನಲ್ಲಿ ನಿಜಕ್ಕೂ ಜಾಗವಿರಲಿಲ್ಲ. ಕಾಲೇಜಿನ ಹುಡುಗರು, ಉದ್ದ ಕೊಳವೆಗಳನ್ನು ಮಗುವಿನ ಹಾಗೆ ಅಪ್ಪಿಕೊಂಡವರು, ಟೊಪ್ಪಿ ಹಾಕಿದ ಬಿಳಿಯರ ಒಂದು ಗುಂಪು. ಯಾರೋ ಅಜ್ಜಿಗೆ ಎದ್ದು ಜಾಗ ಕೊಟ್ಟರು. ಅವರು ಕೂತದ್ದು ಕಿಟಕಿಗೆ ಬೆನ್ನು ಹಾಕಿ, ಅಮ್ಮನಿಗೆ ಮುಖ ಮಾಡಿ. ಅಮ್ಮ ಕಂಬಿ ಹಿಡಿದು ನಿಂತಿದ್ದರು. ಚೀಲವನ್ನು ಒಮ್ಮೆಯೂ ಕೆಳಗೆ ಇಡಲಿಲ್ಲ. ಅವರಿಬ್ಬರ ನಡುವೆ ನಿಂತು ನಾನು ರಟ್ಟಿನ ಕನ್ನಡಕವನ್ನು ಜೇಬಿನಲ್ಲಿ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಯಾರು ಬರುತ್ತಾರೆ? ಗಂಡಸಾ? ಬಂದರೆ ನಾನು ಎಲ್ಲಿ ನೋಡಬೇಕು? ಮನೆಗೆ ಹೋಗಿ ಪಪ್ಪನಿಗೆ ಎಂತ ಹೇಳಬೇಕು? ಅಮ್ಮ ನನ್ನನ್ನು ಕರೆದುಕೊಂಡು ಬಂದದ್ದು ಬರೀ ನೆಪಕ್ಕೆ ಎಂದು ನನಗೆ ಖಾತ್ರಿಯಾಗಿತ್ತು. ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಅದೇ.

ಚೆರುವತ್ತೂರಿನ ಸ್ಟೇಶನ್ನಿನಿಂದ ಜನರ ಹಿಂದೆ ನಡೆದರೆ ಸಾಕಿತ್ತು. ದಾರಿಯುದ್ದಕ್ಕೂ ಕನ್ನಡಕ ಮಾರುವವರು, ನಿಂಬೆ ಸೋಡ, ಪೊಲೀಸರ ಸೀಟಿ. ಒಂದು ದೊಡ್ಡ ಮೈದಾನ, ಅದರ ಬದಿಯಲ್ಲಿ ಶಾಲೆಯ ಹಾಗಿದ್ದ ಉದ್ದ ಕಟ್ಟಡ. ಗ್ರಹಣ ಸೂರ್ಯನನ್ನು ಒಂದು ಮೂಲೆಯಿಂದ ಕಚ್ಚಲು ಶುರುಮಾಡಿತ್ತು. ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಂಡು ನೇರ ಕಟ್ಟಡದ ಜಗಲಿಗೆ ಹೋಗಿ, ಗೋಡೆಗೆ ಒರಗಿ ಕೂತುಬಿಟ್ಟರು.

"ನಾನು ಇಲ್ಲಿಂದ ಏಳುವುದಿಲ್ಲ. ನೀವು ನನಗೆ ಕಾಣುವಲ್ಲಿ ನಿಲ್ಲಬೇಕು."

ನಾವು ಅವರಿಗೆ ಕಾಣುವಲ್ಲಿಯೇ ನಿಂತೆವು. ಅಮ್ಮ ಆಕಾಶ ನೋಡುತ್ತಿರಲಿಲ್ಲ, ಗೇಟು ನೋಡುತ್ತಿದ್ದರು. ಬಿಸಿಲು ನಿಧಾನವಾಗಿ ಬಣ್ಣ ಕಳೆದುಕೊಳ್ಳತೊಡಗಿತು. ಸಂಜೆಯ ಹಾಗೆ ಹಳದಿಯಲ್ಲ, ತೊಳೆದು ತೊಳೆದು ಮಾಸಿದ ಬಟ್ಟೆಯ ಹಾಗೆ. ಆಗ ಗುಂಪಿನಿಂದ ಒಬ್ಬ ಹೆಂಗಸು ಬಂದರು. ಕಾಟನ್ ಚೂಡಿದಾರ, ಕೈಯಲ್ಲಿ ಫೋನು. ಅಮ್ಮನ ಎದುರು ನಿಂತು, "ಸುಮತಿ ಚೇಚಿ ಅಲ್ವಾ?" ಎಂದು ಮಲಯಾಳಿಗಳು ಅಕ್ಕನನ್ನು ಕರೆಯುವ ಹಾಗೆ ಕರೆದರು. ಗಂಡಸಲ್ಲ ಎಂದು ನಾನು ಕನ್ನಡಕವನ್ನು ಜೇಬಿನಿಂದ ಹೊರಗೆ ತೆಗೆದೆ. ಅಮ್ಮ ನನ್ನ ಕಡೆ ತಿರುಗಿ, "ಇವರು ಪ್ರಸನ್ನ. ಪಪ್ಪನ ರೂಮಿನಲ್ಲಿ ಇರುವ ರಾಜೀವನ್ ಅಂಕಲ್‌ನ ಹೆಂಡತಿ" ಎಂದರು. ಮನೆ ಅಲ್ಲಿಯೇ ಚೆರುವತ್ತೂರಿನಲ್ಲಿ, ಮೊದಲು ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಹಲವು ವರ್ಷ ನರ್ಸಾಗಿದ್ದವರಂತೆ. ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ರಾಜೀವನ್ ಹಿಂದೊಮ್ಮೆ ರಜೆಯಲ್ಲಿ ಬಂದಾಗ ಪಪ್ಪ ಅವರ ಕೈಯಲ್ಲಿ ನಮಗೆ ಸಾಮಾನು ಕಳಿಸಿದ್ದರು. ಅಂದಿನ ನಂಬರು ಅಮ್ಮನ ಹತ್ತಿರ ಇತ್ತು.

"ಫೋನಲ್ಲಿ ಹೇಳಬಹುದಿತ್ತು," ಅಮ್ಮನ ಧ್ವನಿ ಗಟ್ಟಿಯಾಗಿತ್ತು. "ನೇರ ಬನ್ನಿ ಅಂದಿರಿ. ಬಂದಿದ್ದೇನೆ. ಈಗ ಹೇಳಿ, ಯಾರವಳು?"

ಪ್ರಸನ್ನ ಕಣ್ಣು ಅಗಲ ಮಾಡಿದರು.

"ಯಾರು?"

"ಅವರು ಮುಖ ತೋರಿಸುವುದಿಲ್ಲ. ಹಳೆ ಫೋಟೋ ಕಳಿಸ್ತಾರೆ. ಕುಡಿದ ಹಾಗೆ ಮಾತಾಡ್ತಾರೆ. ಒಂದೋ ಕುಡಿತ, ಒಂದೋ ಹೆಂಗಸು. ನನಗೆ ಗೊತ್ತಾಗಬೇಕು."

"ಅಯ್ಯೋ ಚೇಚಿ," ಎಂದು ಅವರು ಅಮ್ಮನ ಕೈ ಹಿಡಿದರು. "ಹೇಳುವುದಿಲ್ಲ ಅಂತ ನಾನು ನಮ್ಮವರಿಗೆ, ರಾಜೀವೇಟ್ಟನಿಗೆ ಮಾತು ಕೊಟ್ಟಿದ್ದೇನೆ. ತೋರಿಸುವುದಿಲ್ಲ ಅಂತ ಕೊಟ್ಟಿಲ್ಲ. ಮನೆಯಲ್ಲಿ ನನ್ನ ಅತ್ತೆ ಇದ್ದಾರೆ, ಒಂದಕ್ಕೆ ಹತ್ತು ಕೇಳ್ತಾರೆ. ಅದಕ್ಕೇ ಇಲ್ಲಿಗೆ ಬನ್ನಿ ಅಂದದ್ದು. ಸ್ವಲ್ಪ ಮುಂಚೆ ಅವರು ಅಲ್ಲಿಂದ ಒಂದು ವಿಡಿಯೋ ಕಳಿಸಿದ್ದಾರೆ. ಅಲ್ಲಿ ಸೂರ್ಯ ಹುಟ್ಟುವಾಗಲೇ ಬಳೆ."

ವಿಡಿಯೋ ತೆರೆಯಲಿಲ್ಲ. ಮೈದಾನದಲ್ಲಿದ್ದ ಎಲ್ಲರ ಕೈಯಲ್ಲೂ ಫೋನು, ನೆಟ್ ತೆವಳುತ್ತಿತ್ತು. ತೆರೆಯ ನಡುವೆ ಸುತ್ತುತ್ತಿದ್ದ ಗುರುತನ್ನು ಇಬ್ಬರೂ ತಲೆಗೆ ತಲೆ ತಾಗಿಸಿ ನೋಡುತ್ತಾ ನಿಂತರು. ಮೈಕಿನಲ್ಲಿ ಯಾರೋ ಮಲಯಾಳದಲ್ಲಿ ಕೂಗಿ ಹೇಳಿದರು, ಜನ ಒಮ್ಮೆಲೇ ಕನ್ನಡಕ ಹಾಕಿದರು. ನಾನೂ ಹಾಕಿದೆ. ಕಪ್ಪಿನ ಸುತ್ತ ಎರಡು ತುದಿಗಳು ಹತ್ತಿರ ಬಂದು ಸೇರಿದವು. ತೆಳ್ಳಗಿನ ಬೆಂಕಿಯ ಬಳೆ. ಮೈದಾನವೆಲ್ಲ ಹೋ ಎಂದಿತು. ನನ್ನ ಮೈಯ ರೋಮ ಎದ್ದು ನಿಂತಿತು. ಅಷ್ಟರಲ್ಲಿ ಆ ಕೂಗಿನ ನಡುವೆಯೇ ಇನ್ನೊಂದು ಧ್ವನಿ ಕೇಳಿಸಿತು, ಬಹಳ ಹತ್ತಿರದಿಂದ. ಅದು ಅಮ್ಮನದು. ಕನ್ನಡಕ ಕಿತ್ತೆ. ಅಮ್ಮ ಫೋನು ಹಿಡಿದು ನೆಲದ ಮೇಲೆ ಕೂತುಬಿಟ್ಟಿದ್ದರು.

ವಿಡಿಯೋದಲ್ಲಿ ಒಂದು ಕಟ್ಟಡದ ಟೆರೇಸು, ಹತ್ತಾರು ಗಂಡಸರು, ಎಕ್ಸ್‌ರೇ ಫಿಲ್ಮು, ವೆಲ್ಡಿಂಗ್ ಗಾಜು. ಮೂಲೆಯಲ್ಲಿ ಬಣ್ಣದ ಡಬ್ಬಿಯ ಮೇಲೆ ಹೆಗಲಿಗೆ ಕಂಬಳಿ ಹೊದ್ದು ಒಬ್ಬರು ಬೇರೆಯಾಗಿ ಕೂತಿದ್ದರು. ಯಾರೋ ಕರೆದಾಗ ತಿರುಗಿದರು. ಪಪ್ಪ. ಬಲಗಣ್ಣಿನ ಮೇಲೆ ಬಿಳಿ ಪಟ್ಟಿ ಅಂಟಿಸಿತ್ತು. ಬಲಗೆನ್ನೆ ಇಳಿದು ನಿಂತಿತ್ತು. ಬಾಯಿ ಒಂದು ಕಡೆಗೆ ಎಳೆದಿತ್ತು. ನಗಲು ನೋಡಿದರು. ಎಡಗಡೆ ಮಾತ್ರ ನಕ್ಕಿತು. ಕೂಡಲೇ ಕಂಬಳಿಯಿಂದ ಮುಖ ಮುಚ್ಚಿಕೊಂಡರು.

"ಸ್ಟ್ರೋಕ್ ಅಲ್ಲ ಚೇಚಿ, ಹೆದರಬೇಡಿ," ಪ್ರಸನ್ನ ಅಮ್ಮನ ಪಕ್ಕ ಕೂತು ಬೆನ್ನು ಸವರುತ್ತಾ ಹೇಳುತ್ತಿದ್ದರು. "ಮುಖದ ನರದ್ದು. ಒಂದು 'ಪ' ಹೇಳ್ಲಿಕ್ಕೂ ತುಟಿ ಸೇರುವುದಿಲ್ಲ. ಹೆಚ್ಚಿನವರಿಗೆ ಸರಿಯಾಗ್ತದೆ. ಆದರೆ ಅಲ್ಲಿ ಇವರು ಡಾಕ್ಟರ ಹತ್ತಿರ ಒಮ್ಮೆ ಹೋದವರು ಮತ್ತೆ ಹೋಗಲಿಲ್ಲವಂತೆ. ಮನೆಗೆ ಹೇಳಿ ಅಂದರೆ, ನನ್ನ ಅಮ್ಮ ತಡೆದುಕೊಳ್ಳುವುದಿಲ್ಲ ಅಂತಾರಂತೆ."

ಆಗ ನಾನು ಜಗಲಿಯ ಕಡೆ ನೋಡಿದೆ. ಅಲ್ಲಿ ಅಜ್ಜಿ ಇರಲಿಲ್ಲ. ಅಮ್ಮನ ಕೂಗು ಕೇಳಿ ಎದ್ದು ಬಂದಿದ್ದರು. ಸೆರಗು ಜಾರಿ, ಬರಿ ತಲೆಯಲ್ಲಿ, ಆ ಮಾಸಿದ ಬಿಸಿಲಿನ ನಡುವೆ ಜನರನ್ನು ತಳ್ಳಿಕೊಂಡು ಬರುತ್ತಿದ್ದರು. ತಲೆಯ ಮೇಲೆ ಬಳೆ ಇನ್ನೂ ನಿಂತೇ ಇತ್ತು. ಅವರಿಗೆ ಅದರ ನೆನಪೇ ಇರಲಿಲ್ಲ. ಅಮ್ಮನ ಕೈಯಿಂದ ಫೋನು ತೆಗೆದುಕೊಂಡರು. ಮತ್ತೆ ಹಾಕು ಎಂದರು. ಮತ್ತೆ ಹಾಕಿದೆವು. ಮೂಗಿನ ಹತ್ತಿರ ಹಿಡಿದರು. ಪಪ್ಪ ತಿರುಗಿದಲ್ಲಿ ನಿಲ್ಲಿಸಲು ಹೇಳಿದರು. ಹೆಬ್ಬೆರಳಿನಿಂದ ಬಲಗೆನ್ನೆ ಮುಚ್ಚಿ ನೋಡಿದರು.

"ಈ ಕಡೆಯಿಂದ ನನ್ನ ಮಗನೇ," ಎಂದರು.

ಅಲ್ಲಿಂದಲೇ ಫೋನು ಮಾಡಿದೆವು, ಪ್ರಸನ್ನರ ಫೋನಿನಿಂದ. ರಾಜೀವನ್ ಎತ್ತಿದರು, ಏನೋ ಗುಸುಗುಸು, ಆಮೇಲೆ ಕತ್ತಲೆ ತೆರೆ, ಪಪ್ಪನ ಧ್ವನಿ.

"ಕ್ಯಾಮರಾ ಹಾಕು," ಅಜ್ಜಿ ಹೇಳಿದರು.

"ಹಾಳಾಗಿದೆ ಅಮ್ಮ."

"ನಾನು ನೋಡಿ ಆಯ್ತು ಜಯಂತ. ಈಗ ನೀನೇ ತೋರಿಸು."

ಕಂಬಳಿ ಸರಿಸುವ ಸದ್ದು ಕೇಳಿಸಿತು. ಆಮೇಲೆ ಮುಖ ಬಂತು. ಅಮ್ಮ ಅಜ್ಜಿಯ ಹೆಗಲ ಮೇಲಿಂದ ಬಗ್ಗಿದರು. ಅಷ್ಟು ದಿನ ಎಣಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ಅವರ ಬಾಯಿಂದ ಬರಲಿಲ್ಲ.

"ಊಟ ಮಾಡ್ಲಿಕ್ಕೆ ಆಗ್ತದಾ?"

"ಆಗ್ತದೆ. ನೀರು ಕುಡಿಯುವಾಗ ಈ ಕಡೆಯಿಂದ ಇಳೀತದೆ," ಎಂದರು ಪಪ್ಪ. ಮತ್ತೆ, "ನೀವು ಎಲ್ಲಿದ್ದೀರಿ? ಪ್ರಸನ್ನರ ಹತ್ತಿರ ಹೇಗೆ? ಅಮ್ಮ ಯಾಕೆ ಹೊರಗಿದ್ದಾರೆ, ಇವತ್ತು ಗ್ರಹಣ ಅಲ್ವಾ?"

ನೆಟ್ ಕಟ್ಟಾಯಿತು. ಅಥವಾ ಅಜ್ಜಿ ಫೋನು ಕಟ್ ಮಾಡಿದರು. ನನಗೆ ಇಂದಿಗೂ ಸರಿಯಾಗಿ ಗೊತ್ತಿಲ್ಲ.

ಮನೆಗೆ ಹಿಂದಿರುಗುವ ರೈಲಿನಲ್ಲಿ ಜಾಗ ಸಿಕ್ಕಿತು. ಸೀರೆಯೂ ಉಪ್ಪಿನಕಾಯಿಯೂ ಪ್ರಸನ್ನರ ಕೈಸೇರಿದ್ದವು. ರೊಟ್ಟಿಯ ಒಂದು ಪ್ಯಾಕೆಟನ್ನು ಮಾತ್ರ ಅವರು, ಅಜ್ಜಿ ಹಸಿದಿದ್ದಾರೆ ಎಂದು ವಾಪಸು ಕೊಟ್ಟಿದ್ದರು. ಗ್ರಹಣ ಬಿಟ್ಟಿತ್ತು, ಆದರೆ ಸ್ನಾನ ಮಾಡದೆ ಬಾಯಿಗೆ ಏನೂ ಹಾಕಬಾರದು. ಅಜ್ಜಿ ಪ್ಯಾಕೆಟು ಬಿಡಿಸಿ, ಒಣ ರೊಟ್ಟಿಯನ್ನು ಮುರಿದು, ಮೊದಲು ಅಮ್ಮನಿಗೆ ಕೊಟ್ಟು, ಆಮೇಲೆ ತಾವು ತಿಂದರು. ಕಾಸರಗೋಡು ದಾಟುವವರೆಗೂ ಇಬ್ಬರೂ ಹೊರಗೆ ನೋಡುತ್ತಾ ಕೂತಿದ್ದರು, ರೊಟ್ಟಿ ಮುರಿಯುವ ಸದ್ದು ಮಾತ್ರ.

"ನಾನು ಬೇರೆ ಎಂತದೋ ಎಣಿಸಿದ್ದೆ ಮಾಮಿ," ಅಮ್ಮ ಹೇಳಿದರು.

"ನಾನೂ ಎಣಿಸಿದ್ದೆ."

"ಅವರ ಬಗ್ಗೆಯಾ?"

"ನಿನ್ನ ಬಗ್ಗೆ."

ಅಮ್ಮ ತಿರುಗಿ ನೋಡಿದರು.

"ಎಂತ ಎಣಿಸಿದಿರಿ?"

"ಬಿಡು. ರೊಟ್ಟಿ ತಿನ್ನು."

ಅಮ್ಮ ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ಅವರ ಭುಜ ಅಲುಗಾಡತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು. ಬಾಯಿ ತುಂಬ ರೊಟ್ಟಿಯ ಪುಡಿ ಇಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸುತ್ತಾ ನಗುತ್ತಿದ್ದರು. ಅಜ್ಜಿ ಎದುರಿನ ಸೀಟಿನವರಿಗೆ, "ಗ್ರಹಣದ ಬಿಸಿಲು ತಾಗಿದೆ ಇವಳಿಗೆ" ಎಂದರು.

ಪಪ್ಪ ಫೆಬ್ರವರಿಯಲ್ಲಿ ಬಂದರು. ಅಜ್ಜಿ ದಿನಾ ಫೋನು ಮಾಡಿ ಬಾ ಎಂದು ಹಠ ಹಿಡಿದಿರದಿದ್ದರೆ ಬರುತ್ತಿರಲಿಲ್ಲ. ಮುಂದಿನ ತಿಂಗಳು ಕೊರೋನಾ ಬಂದು ವಿಮಾನಗಳೇ ನಿಂತುಹೋದವು. ರಾಜೀವನ್ ಬಹಳ ಕಾಲ ಅಲ್ಲಿಯೇ ಸಿಕ್ಕಿಬಿದ್ದರು. ಇಲ್ಲಿ ಚಿಕಿತ್ಸೆಯಾಯಿತು, ಕನ್ನಡಿಯ ಎದುರು ಕೂತು ಕೆನ್ನೆ ಉಬ್ಬಿಸುವ ವ್ಯಾಯಾಮವಾಯಿತು, ನಿಧಾನವಾಗಿ ಬಲಗೆನ್ನೆ ಎದ್ದಿತು. ಈಗಲೂ ಊಟ ಮಾಡುವಾಗ ಆ ಬದಿಯ ಕಣ್ಣಿನಿಂದ ನೀರು ಸುರಿಯುತ್ತದೆ. ಹೊಸಬರು ಖಾರವಾಯಿತಾ ಎಂದು ಕೇಳುತ್ತಾರೆ.

ಬಂದ ದಿನದ ಮೊದಲ ಊಟಕ್ಕೆ ಎಲ್ಲರೂ ಅಡುಗೆಮನೆಯಲ್ಲಿ ನೆಲದ ಮೇಲೆಯೇ ಕೂತಿದ್ದೆವು. ಅಮ್ಮ ಬಡಿಸುತ್ತಿದ್ದರು. ಪಪ್ಪ ತುತ್ತನ್ನು ಎಡಗಡೆಗೆ ತಳ್ಳಿ ನಿಧಾನವಾಗಿ ಜಗಿಯುತ್ತಾ, ಎರಡು ತಿಂಗಳಿನಿಂದ ಫೋನಿನಲ್ಲಿ ಯಾರೂ ಉತ್ತರಿಸದೆ ಇದ್ದದ್ದನ್ನು ಕೇಳಿದರು.

"ಅವತ್ತು ನೀವು ಚೆರುವತ್ತೂರಿಗೆ ಯಾಕೆ ಹೋದದ್ದು? ಸುಮತಿ?"

ಅಮ್ಮನ ಕೈ ನಿಂತಿತು. ಚಿಕ್ಕಪ್ಪ ತಟ್ಟೆ ನೋಡಿದರು. ಹೇಳಿದರೆ ಎಲ್ಲವನ್ನೂ ಹೇಳಬೇಕಿತ್ತು, ಕುಡಿತವನ್ನು, ಹೆಂಗಸನ್ನು, ಕಪಾಟಿನಿಂದ ತೆಗೆದು ನೋಡಿದ ಅಂಗಿಯನ್ನು.

"ಅವಳನ್ನು ಎಂತ ಕೇಳ್ತಿ?" ಎಂದರು ಅಜ್ಜಿ. "ನಾನು ಕರ್ಕೊಂಡು ಹೋದದ್ದು. ನನಗೆ ಗ್ರಹಣ ನೋಡಬೇಕಿತ್ತು."

"ನಿಮಗೆ?"

"ನನಗೆ. ಯಾಕೆ, ನನಗೆ ಕಣ್ಣಿಲ್ಲವಾ?"

"ನೋಡಿದಿರಾ?"

"ನೋಡದೆ? ಮೊದಲು ಪೂರ್ತಿ ಕತ್ತಲೆಯಾಯಿತು. ಎದುರಿನವನ ಮುಖ ಕಾಣದಷ್ಟು. ಅಲ್ವಾ ಸುಮತಿ?"

"ಹೌದು ಮಾಮಿ," ಅಮ್ಮ ಹೇಳಿದರು.

"ನಕ್ಷತ್ರ ಎಲ್ಲ ಬಂತು. ಎಲ್ಲಿಯೋ ಕೋಳಿ ಕೂಗಿತು. ದನಗಳು ಹಟ್ಟಿಗೆ ಓಡಿದವು."

"ಓಡಿದವು," ಅಮ್ಮ ಅನ್ನದ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ಹೇಳಿದರು.

ಕತ್ತಲೆಯಾಗಿರಲಿಲ್ಲ. ನಕ್ಷತ್ರ ಬಂದಿರಲಿಲ್ಲ. ಆ ಮೈದಾನದಲ್ಲಿ ದನಗಳೇ ಇರಲಿಲ್ಲ. ಪಪ್ಪ ಒಮ್ಮೆ ಅಜ್ಜಿಯ ಮುಖ, ಒಮ್ಮೆ ಅಮ್ಮನ ಮುಖ, ಕೊನೆಗೆ ನನ್ನ ಮುಖ ನೋಡಿದರು. ಅವರೂ ಅದೇ ಮನೆಯಲ್ಲಿ ಹುಟ್ಟಿ ಬೆಳೆದವರು, ಒಂದು ಮಾತನ್ನೂ ನಂಬಿರಲಿಲ್ಲ ಎಂದು ನನಗೆ ಕೂತಲ್ಲೇ ಗೊತ್ತಾಯಿತು. ಆದರೆ ಇನ್ನೇನೂ ಕೇಳಲಿಲ್ಲ. ತಟ್ಟೆ ಮುಂದೆ ಚಾಚಿ, ಇನ್ನೊಂದು ಸಲ ಅನ್ನ ಹಾಕಿಸಿಕೊಂಡು, ಸುರಿಯುವ ಕಣ್ಣನ್ನು ತೋಳಿನಿಂದ ಒರೆಸಿ, ಅಜ್ಜಿಯ ಕಡೆ ತಿರುಗಿ ಕೂತರು.

"ಮತ್ತೆ?" ಎಂದರು.